ಮಿದುಳಿನ ಗೆರೆಗಳು ಮತ್ತು ಮನೆಯವರ ಹೊಣೆ

(ಹಡಪಸರದಲ್ಲಿ ನೆರೆದ ಕನ್ನಡ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಸಾಹಿತ್ಯ, ಗಡಿ, ಕನ್ನಡ ಶಾಲೆ, ನದಿನೀರು, ಇವು ನಮ್ಮ ಸಭೆಗಳಲ್ಲಿ ರೂಢಿಯಾಗಿ ಚರ್ಚೆಗೆ ಬರುವ ವಿಷಯಗಳು. ಇಂದು ನಾನು ಆರಿಸಿಕೊಂಡಿರುವ ವಿಷಯ ಬೇರೆಯದು. ಹೃದಯ ನಿಂತು ಕುಸಿದುಬಿದ್ದ ವ್ಯಕ್ತಿಯ ಹೃದಯ ಮತ್ತೆ ಮಿಡಿಯುತ್ತದೆ, ಆದರೆ ಆತ ಕಣ್ಣು ತೆರೆಯುವುದಿಲ್ಲ. ಆಗ ವೈದ್ಯರು ಅವನ ಮಿದುಳಿನ ವಿದ್ಯುತ್ ಗೆರೆಗಳನ್ನು ಬರೆಯಿಸಿ ನೋಡುತ್ತಾರೆ. ಆ ಗೆರೆಗಳು ಏನು ಹೇಳುತ್ತವೆ, ಏನು ಹೇಳಲಾರವು, ಅವುಗಳ ಮುಂದೆ ನಿಂತ ಮನೆಯವರ ಹೊಣೆ ಯಾವುದು ಎಂಬುದೇ ಇಂದಿನ ವಿಚಾರ.

ನಾನು ವೈದ್ಯನಲ್ಲ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರಕಾರದ ಸೇವೆಗೆ ಸೇರಿ, ಕಡತಗಳ ನಡುವೆ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆದವನು. ಇಂಥವನಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. 2023ರ ಜನವರಿ 24ರಂದು ಸುಪ್ರೀಂ ಕೋರ್ಟು ಒಂದು ತಿದ್ದುಪಡಿ ಮಾಡಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿಯು ಮೊದಲೇ ಬರೆದಿಡುವ ಪತ್ರವನ್ನು ಅದುವರೆಗೆ ಮ್ಯಾಜಿಸ್ಟ್ರೇಟರ ಮುಂದೆ ದೃಢೀಕರಿಸಬೇಕಾಗಿತ್ತು. ಅಂದಿನಿಂದ ನೋಟರಿಯಾಗಲಿ ಗೆಜೆಟೆಡ್ ಅಧಿಕಾರಿಯಾಗಲಿ ದೃಢೀಕರಿಸಿದರೆ ಸಾಕು. ಹೀಗಾಗಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳಿಗೆ ಸಹಿ ಹಾಕುತ್ತಿದ್ದ ನಮ್ಮಂಥವರ ಮೇಜಿಗೆ ಬದುಕು ಸಾವುಗಳ ಪತ್ರವೂ ಬರುವಂತಾಯಿತು. ಆ ಪತ್ರಗಳಲ್ಲಿ ಬರುವ ಮಾತುಗಳ ಅರ್ಥವನ್ನು ತಿಳಿಯದೆ ಸಹಿ ಹಾಕುವುದು ಸರಿಯಲ್ಲವೆನಿಸಿ ಓದತೊಡಗಿದೆ. ಓದಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಆಗ ರೋಗಿ ಎದೆ ಹಿಡಿದುಕೊಂಡು ಮಾತನಾಡುತ್ತಿರಬಹುದು, ರಿಕ್ಷಾ ಹತ್ತಿ ಆಸ್ಪತ್ರೆಗೂ ಹೋಗಬಹುದು. ಹೃದಯದ ಮಿಡಿತವೇ ಅಸ್ತವ್ಯಸ್ತವಾಗಿ ರಕ್ತ ಮುಂದೆ ಸಾಗದಂತಾದರೆ ಅದು ಹೃದಯ ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದುಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡಿಗರ ಪ್ರತಿ ಮನೆಯೂ ಈ ಶಬ್ದವನ್ನು ಕೇಳಿತು. ಅನಂತರ ಕರ್ನಾಟಕ ಸರಕಾರ ತುರ್ತು ಹೃದಯ ಚಿಕಿತ್ಸೆಯ ಯೋಜನೆಯೊಂದಕ್ಕೆ ಅವರ ಹೆಸರನ್ನೇ ಇಟ್ಟಿತು.

ಹೃದಯ ನಿಂತರೆ ಮೊದಲು ಬಳಲುವುದು ಮಿದುಳು. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟು; ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ ಇಪ್ಪತ್ತರಷ್ಟು. ಕೂಡಿಟ್ಟ ಗಂಟು ಅದರ ಬಳಿ ಇಲ್ಲ, ಅಂದಂದಿನ ಕೂಲಿಯಲ್ಲೇ ಬದುಕುವ ಸಂಸಾರದಂತೆ. ರಕ್ತ ನಿಂತ ಹತ್ತು ಹದಿನೈದು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಅರ್ಧ ನಿಮಿಷದೊಳಗಾಗಿ ಮಿದುಳಿನ ವಿದ್ಯುತ್ ಚಟುವಟಿಕೆ ಸ್ತಬ್ಧವಾಗುತ್ತದೆ. ನಾಲ್ಕಾರು ನಿಮಿಷ ಕಳೆದರೆ ನರಕೋಶಗಳಿಗೆ ಮತ್ತೆ ಸರಿಪಡದ ಹಾನಿ ಆರಂಭವಾಗುತ್ತದೆ.

ಈ ಹಾನಿ ಎಲ್ಲ ಭಾಗಗಳಿಗೂ ಒಂದೇ ಸಮನಾಗಿರುವುದಿಲ್ಲ. ಯೋಚನೆ, ಮಾತು, ನೆನಪು, ಗುರುತು ಇವೆಲ್ಲ ನಡೆಯುವ ಮಿದುಳಿನ ಹೊರಪದರ, ಅಂದರೆ ತೊಗಟೆ, ಬಹು ಸೂಕ್ಷ್ಮ. ಉಸಿರಾಟ, ನಿದ್ದೆ ಎಚ್ಚರಗಳ ಸರದಿ ಇವನ್ನು ನಡೆಸುವ ಮಿದುಳಿನ ಕಾಂಡ ಗಟ್ಟಿಜೀವಿ. ಅದು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ತೊಗಟೆ ಹೋಗಿ ಕಾಂಡ ಉಳಿಯಬಹುದು. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಅನೇಕ ಸಂಕಟಗಳ ಬೇರು ಇಲ್ಲಿದೆ.

ಹಿಂದಿನ ಕಾಲದಲ್ಲಿ ಹೃದಯ ನಿಂತರೆ ಕತೆ ಮುಗಿಯಿತು. 1960ರಲ್ಲಿ ಅಮೆರಿಕದ ಕೌವೆನ್‌ಹೋವನ್, ನಿಕರ್‌ಬಾಕರ್ ಮತ್ತು ಜ್ಯೂಡ್ ಎಂಬ ಮೂವರು ಎದೆಯನ್ನು ಹೊರಗಿನಿಂದ ಒತ್ತಿ ರಕ್ತಚಲನೆಯನ್ನು ಉಳಿಸುವ ಕ್ರಮವನ್ನು ಪ್ರಕಟಿಸಿದರು. ವಿದ್ಯುದಾಘಾತದ ಯಂತ್ರ, ಉಸಿರಾಟದ ಯಂತ್ರ, ತೀವ್ರ ನಿಗಾ ಘಟಕ ಇವೆಲ್ಲ ಬಂದ ಮೇಲೆ ನಿಂತ ಹೃದಯ ಮತ್ತೆ ಮಿಡಿಯುವುದು ಸಾಧ್ಯವಾಯಿತು. ಅದರ ಜೊತೆಗೇ ಹಿಂದೆಂದೂ ಇಲ್ಲದ ಪ್ರಶ್ನೆಯೊಂದು ಹುಟ್ಟಿತು. ಹೃದಯ ಬಂತು, ಮನುಷ್ಯ ಬರುತ್ತಾನೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳಲ್ಲಿ ಒಂದು ಇ.ಇ.ಜಿ. ಎದೆಯ ಮೇಲೆ ತಂತಿಗಳನ್ನಿಟ್ಟು ಬರೆಯುವ ಇ.ಸಿ.ಜಿ.ಯನ್ನು ನೀವೆಲ್ಲ ಬಲ್ಲಿರಿ. ತಲೆಯ ಮೇಲೆ ಇಟ್ಟು ಬರೆಯುವುದು ಇ.ಇ.ಜಿ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ಈ ಅಲೆಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಆಗ ಹೆಚ್ಚಿನವರು ಅದನ್ನು ನಂಬಲಿಲ್ಲ. ಕೆಲವು ವರ್ಷಗಳ ತರುವಾಯ ಇಂಗ್ಲೆಂಡಿನ ಏಡ್ರಿಯನ್ ಅದನ್ನು ತಾವೂ ಮಾಡಿ ತೋರಿಸಿದ ಮೇಲೆ ಲೋಕ ಒಪ್ಪಿತು. ಬ್ಯಾಟರಿಯ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇದೆಯಷ್ಟೆ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋವೋಲ್ಟ್. ನೆತ್ತಿಯ ಮೇಲೆ ಸಿಗುವುದು ಇಂಥ ಹತ್ತಿಪ್ಪತ್ತರಿಂದ ನೂರು ಮೈಕ್ರೋವೋಲ್ಟ್ ಮಾತ್ರ. ತೊಗಟೆಯ ಅಸಂಖ್ಯ ನರಕೋಶಗಳು ಒಟ್ಟಾಗಿ ನಡೆಸುವ ವ್ಯವಹಾರದ ಮಂದ ಗುಂಗು ಅದು. ದೂರದಲ್ಲಿ ನಿಂತವನಿಗೆ ಸಂತೆಯ ಗದ್ದಲ ಕೇಳಿಸುತ್ತದೆ. ಯಾರು ಯಾರಿಗೆ ಏನೆಂದರು ಎಂಬುದು ಕೇಳಿಸದು. ಸಂತೆ ನೆರೆದಿದೆಯೇ, ಚದುರಿದೆಯೇ ಎಂಬುದು ಮಾತ್ರ ಗೊತ್ತಾಗುತ್ತದೆ.

ಎಚ್ಚರ ತಪ್ಪಿದ ರೋಗಿಯಲ್ಲಿ ವೈದ್ಯರು ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ. ಮೊದಲನೆಯದು ಅಲೆಗಳ ನಿರಂತರತೆ. ಗೆರೆ ತಡೆಯಿಲ್ಲದೆ ಅಲೆಯುತ್ತಿದ್ದರೆ ಒಳ್ಳೆಯ ಸೂಚನೆ. ಹತ್ತು ಮೈಕ್ರೋವೋಲ್ಟಿಗೂ ಕೆಳಗಿಳಿದು ಬಹುಮಟ್ಟಿಗೆ ಚಪ್ಪಟೆಯಾಗಿದ್ದರೆ, ಇಲ್ಲವೆ ಚಪ್ಪಟೆ ಗೆರೆಯ ನಡುನಡುವೆ ಒಮ್ಮೆಲೆ ಸಿಡಿದು ಮತ್ತೆ ಅಡಗುವ ಅಲೆಗಳಿದ್ದರೆ ಕೆಟ್ಟ ಸೂಚನೆ. ಎರಡನೆಯದು ಸೆಳವಿನ ಲಕ್ಷಣ. ಕೈಕಾಲು ಅಲುಗದಿದ್ದರೂ ಒಳಗೆ ಮೂರ್ಛೆರೋಗದ ಸೆಳವು ನಡೆಯುತ್ತಿರಬಹುದು. ಅದನ್ನು ಈ ಗೆರೆಗಳಲ್ಲಲ್ಲದೆ ಬೇರೆ ಕಡೆ ಕಾಣಲಾಗದು. ಮೂರನೆಯದು ಪ್ರತಿಸ್ಪಂದನ. ರೋಗಿಯ ಬಳಿ ಚಪ್ಪಾಳೆ ತಟ್ಟುತ್ತಾರೆ, ಹೆಸರು ಹಿಡಿದು ಕೂಗುತ್ತಾರೆ, ಚಿವುಟುತ್ತಾರೆ. ಆಗ ಗೆರೆಯ ಲಯ ಬದಲಾಯಿತೆ? ಬದಲಾದರೆ ಹೊರಗಿನ ಲೋಕದ ಸುದ್ದಿ ಒಳಗೆ ಎಲ್ಲೋ ತಲಪುತ್ತಿದೆ ಎಂದರ್ಥ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚಪ್ಪಟೆ ಗೆರೆ ಕಂಡಿತೆಂದರೆ ಮಿದುಳು ಸತ್ತಿತೆಂದು ಎಣಿಸುವಂತಿಲ್ಲ. ತೀವ್ರ ನಿಗಾ ಘಟಕದಲ್ಲಿ ರೋಗಿಗೆ ನಿದ್ದೆಯ ಮದ್ದುಗಳನ್ನು ಕೊಟ್ಟಿರುತ್ತಾರೆ. ಆ ಮದ್ದುಗಳೂ ಗೆರೆಯನ್ನು ಅಡಗಿಸುತ್ತವೆ. ಮೂತ್ರಪಿಂಡ, ಯಕೃತ್ತು ಸೊರಗಿದವರ ದೇಹದಿಂದ ಆ ಮದ್ದು ಬೇಗ ಹೊರಹೋಗುವುದಿಲ್ಲ. ಮಿದುಳನ್ನು ಕಾಪಾಡಲೆಂದು ದೇಹದ ಉಷ್ಣತೆಯನ್ನು ಇಳಿಸುವ ಪದ್ಧತಿ 2002ರಿಂದ ಬಳಕೆಗೆ ಬಂತು. ಇಂದು ಜ್ವರ ಏರದಂತೆ ನೋಡಿಕೊಳ್ಳುವುದಕ್ಕೇ ಹೆಚ್ಚು ಒತ್ತು. ತಂಪಾದ ದೇಹದಲ್ಲೂ ಗೆರೆಗಳು ಮಂಕಾಗುತ್ತವೆ. ಮೊದಲ ದಿನ ಅಡಗಿದ್ದ ಗೆರೆ ಎರಡನೆಯ ದಿನ ಚೇತರಿಸಿಕೊಳ್ಳುವುದೂ ಉಂಟು.

ಆದುದರಿಂದಲೇ 2021ರಲ್ಲಿ ಯೂರೋಪಿನ ತಜ್ಞಸಂಸ್ಥೆಗಳು ಹೊರತಂದ ಮಾರ್ಗದರ್ಶಿಯು ಎರಡು ಮಾತುಗಳನ್ನು ಒತ್ತಿ ಹೇಳಿತು. ಹೃದಯ ಮರಳಿ ಮಿಡಿದ ಹೊತ್ತಿನಿಂದ 72 ಗಂಟೆಗಳು ಕಳೆಯುವ ಮೊದಲು ಕಡೆಯ ಮಾತು ಆಡಬೇಡಿ, ಇದು ಒಂದು. ನಿದ್ದೆಯ ಮದ್ದಿನ ಪ್ರಭಾವ ಇಳಿದ ಮೇಲೂ ರೋಗಿ ಎಚ್ಚರಗೊಳ್ಳದಿದ್ದರೆ, ಕನಿಷ್ಠ ಎರಡು ಬೇರೆ ಬೇರೆ ಸಾಕ್ಷ್ಯಗಳು ಒಂದೇ ಮಾತನ್ನು ಹೇಳಬೇಕು, ಇದು ಎರಡು. ಆ ಸಾಕ್ಷ್ಯಗಳಾದರೂ ಯಾವುವು? ಬೆಳಕು ಬಿಟ್ಟಾಗ ಕಣ್ಣಿನ ಪಾಪೆ ಕುಗ್ಗದಿರುವುದು ಮತ್ತು ಕಣ್ಣಿನ ಮೇಲ್ಮೈಯನ್ನು ಮುಟ್ಟಿದರೆ ರೆಪ್ಪೆ ಮುಚ್ಚದಿರುವುದು. ಮೊದಲ ದಿನ ಕಳೆದ ಮೇಲೂ ಇ.ಇ.ಜಿ. ತೀರ ಕೆಟ್ಟದಾಗಿರುವುದು, ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟರೆ ಸುಮಾರು 20 ಮಿಲಿಸೆಕೆಂಡುಗಳಲ್ಲಿ ತೊಗಟೆಗೆ ಮುಟ್ಟಬೇಕಾದ ಸುದ್ದಿ ಎರಡೂ ಕಡೆ ಮುಟ್ಟದಿರುವುದು, ನರಕೋಶಗಳು ಒಡೆದಾಗ ರಕ್ತಕ್ಕೆ ಸೇರುವ ಒಂದು ಬಗೆಯ ಕಿಣ್ವ ಎರಡನೆಯ ಮೂರನೆಯ ದಿನ ಮಿತಿ ಮೀರಿರುವುದು, ಸ್ಕ್ಯಾನಿನಲ್ಲಿ ವ್ಯಾಪಕ ಹಾನಿ ಕಾಣುವುದು, ಮೊದಲ ಮೂರು ದಿನಗಳಲ್ಲಿ ಮೈಯೆಲ್ಲ ಬಿಡದೆ ಅದುರುವುದು. ಸಾಕ್ಷ್ಯಗಳು ಪರಸ್ಪರ ಹೊಂದದಿದ್ದರೆ ಕಾಯಬೇಕು, ಮತ್ತೆ ಪರೀಕ್ಷಿಸಬೇಕು.

ನಮ್ಮ ಕಚೇರಿಗಳಲ್ಲಿ ಒಬ್ಬ ಗುಮಾಸ್ತರ ಟಿಪ್ಪಣಿಯ ಮೇಲೆಯೇ ಕಡತವನ್ನು ಮುಚ್ಚುವುದಿಲ್ಲ. ಹಣಕಾಸು ಶಾಖೆ, ಕಾನೂನು ಶಾಖೆಗಳ ಅಭಿಪ್ರಾಯ ಬರಬೇಕು. ಅವು ಹೊಂದದಿದ್ದರೆ ‘ಪುನಃ ಪರಿಶೀಲಿಸಿ’ ಎಂಬ ಷರಾದೊಂದಿಗೆ ಕಡತ ಹಿಂದಿರುಗುತ್ತದೆ. ಪಿಂಚಣಿಯ ಕಡತಕ್ಕೇ ಇಷ್ಟು ವಿಚಾರಣೆ ನಡೆಸುವ ನಾವು ಪ್ರಾಣದ ಕಡತಕ್ಕೆ ಅದಕ್ಕಿಂತ ಕಡಿಮೆಯದನ್ನು ಒಪ್ಪಬಾರದು.

ಇದರಲ್ಲಿ ಇನ್ನೊಂದು ಅಪಾಯವಿದೆ. ‘ಇವರು ಉಳಿಯುವುದಿಲ್ಲ’ ಎಂದು ಮೊದಲ ದಿನವೇ ತೀರ್ಮಾನಿಸಿ ಯಂತ್ರ ತೆಗೆದರೆ ರೋಗಿ ತೀರಿಕೊಳ್ಳುತ್ತಾನೆ. ‘ನೋಡಿದಿರಾ, ಹೇಳಿದಂತೆಯೇ ಆಯಿತು’ ಎಂದು ಭವಿಷ್ಯ ಸರಿಯಾಗಿಬಿಡುತ್ತದೆ. ಕಾದಿದ್ದರೆ ಏನಾಗುತ್ತಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ತಾನೇ ತನ್ನನ್ನು ನಿಜಮಾಡಿಕೊಳ್ಳುವ ಇಂಥ ಭವಿಷ್ಯವಾಣಿಯ ಬಗ್ಗೆ ವೈದ್ಯಲೋಕವೇ ಬಹಳ ತಲೆಕೆಡಿಸಿಕೊಂಡಿದೆ.

ಆದರೆ ಹುಸಿ ಆಸೆಯನ್ನು ಬಿತ್ತುವುದೂ ತಪ್ಪಾದೀತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗಳಲ್ಲಿ ಹೃದಯ ಸ್ತಂಭನದ ಅನಂತರ ಸೆಳವಿನಂಥ ಗೆರೆಗಳು ಕಂಡ 172 ರೋಗಿಗಳ ಮೇಲೆ ಪ್ರಯೋಗವೊಂದು ನಡೆದು 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸೆಳವಿನ ಮದ್ದುಗಳನ್ನು ಕೊಟ್ಟು ಗೆರೆಗಳನ್ನು ಅಡಗಿಸಲು ಶ್ರಮಿಸಿದರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಮೂರು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 90, ಎರಡನೆಯದರಲ್ಲಿ ನೂರಕ್ಕೆ 92 ಮಂದಿಯ ಸ್ಥಿತಿ ಕೆಟ್ಟದಾಗಿಯೇ ಇತ್ತು. ಗೆರೆಯನ್ನು ತಿದ್ದಿದರೆ ಮಿದುಳು ತಿದ್ದಿಕೊಳ್ಳುವುದಿಲ್ಲವೆಂದು ಇದರಿಂದ ತಿಳಿಯಿತು. ಗೆರೆಯು ರೋಗದ ಕುರುಹು; ಅದೇ ರೋಗವಲ್ಲ.

ಈಗ ಮೂರು ಶಬ್ದಗಳಿಗೆ ಬರೋಣ. ಕೋಮಾ, ಸಸ್ಯಸ್ಥಿತಿ, ಮಿದುಳು ಸಾವು ಈ ಮೂರನ್ನೂ ನಾವು ಒಂದೇ ಎಂಬಂತೆ ಆಡುತ್ತೇವೆ, ಪತ್ರಿಕೆಗಳೂ ಬರೆಯುತ್ತವೆ. ಕೋಮಾದಲ್ಲಿ ಕಣ್ಣು ಮುಚ್ಚಿರುತ್ತದೆ, ಎಚ್ಚರವೂ ಇಲ್ಲ, ಅರಿವೂ ಇಲ್ಲ. ಸಾಮಾನ್ಯವಾಗಿ ಇದು ಕೆಲವು ವಾರಗಳ ಸ್ಥಿತಿ. ರೋಗಿ ಎಚ್ಚರಗೊಳ್ಳಬಹುದು, ಸಾಯಬಹುದು, ಇಲ್ಲವೆ ಎರಡನೆಯ ಸ್ಥಿತಿಗೆ ಸಾಗಬಹುದು. ಎರಡನೆಯ ಸ್ಥಿತಿಯಲ್ಲಿ ಕಣ್ಣು ತೆರೆಯುತ್ತದೆ, ನಿದ್ದೆ ಎಚ್ಚರಗಳ ಸರದಿ ಮರಳುತ್ತದೆ, ಉಸಿರು ತಾನಾಗಿ ನಡೆಯುತ್ತದೆ; ಅರಿವಿನ ಗುರುತು ಮಾತ್ರ ಕಾಣುವುದಿಲ್ಲ. ತೊಗಟೆ ಹೋಗಿ ಕಾಂಡ ಉಳಿದಾಗ ಆಗುವುದು ಇದೇ. 1972ರಲ್ಲಿ ಜೆನ್ನೆಟ್ ಮತ್ತು ಪ್ಲಮ್ ಎಂಬ ವೈದ್ಯರು ಇದಕ್ಕೆ ಹೆಸರಿಟ್ಟರು. ಮನುಷ್ಯರನ್ನು ಸಸ್ಯಕ್ಕೆ ಹೋಲಿಸುವ ಆ ಹೆಸರು ಸಲ್ಲದೆಂದು 2010ರಲ್ಲಿ ಯೂರೋಪಿನ ತಜ್ಞರು ‘ಪ್ರತಿಕ್ರಿಯೆಯಿಲ್ಲದ ಎಚ್ಚರ’ ಎಂಬರ್ಥದ ಬೇರೆ ಹೆಸರನ್ನು ಸೂಚಿಸಿದರು. ಮೂರನೆಯದು ಮಿದುಳು ಸಾವು. ಇಲ್ಲಿ ಕಾಂಡವೂ ಹೋಗಿರುತ್ತದೆ. ಉಸಿರು ಯಂತ್ರದ್ದು ಮಾತ್ರ. ನಮ್ಮ ದೇಶದ 1994ರ ಅಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಲಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಹಾಸಿಗೆಯ ಬಳಿಯೇ ಪರೀಕ್ಷೆ ನಡೆಸಿ ಇದನ್ನು ಘೋಷಿಸುತ್ತದೆ. ಆ ಘೋಷಣೆಗೆ ಇ.ಇ.ಜಿ. ಕಡ್ಡಾಯವಲ್ಲ. 2021ರ ಜೂನ್ ತಿಂಗಳಲ್ಲಿ ರಸ್ತೆ ಅಪಘಾತಕ್ಕೆ ತುತ್ತಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದ್ದು ಇಂಥ ಸ್ಥಿತಿಯಲ್ಲಿ.

ಎರಡನೆಯ ಸ್ಥಿತಿಯ ಬಗ್ಗೆ ಇಡೀ ಭಾರತಕ್ಕೆ ಪಾಠ ಹೇಳಿದವರು ನಮ್ಮ ನಾಡಿನಿಂದ ಹೊರನಾಡಿಗೆ ದುಡಿಯಲು ಬಂದ ಹೆಣ್ಣುಮಗಳು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕೊರಳನ್ನು ಬಿಗಿದು ಹಲ್ಲೆ ಮಾಡಿದ. ಅವರ ಹೃದಯ ನಿಂತದ್ದಲ್ಲ. ಕೊರಳಿನ ಮಾರ್ಗ ಮುಚ್ಚಿ ಮಿದುಳಿಗೆ ಆಮ್ಲಜನಕ ತಪ್ಪಿತು. ಕಾರಣ ಬೇರೆಯಾದರೂ ಮಿದುಳಿಗೆ ಒದಗಿದ ಹಾನಿ ಒಂದೇ ಜಾತಿಯದು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅದೇ ಆಸ್ಪತ್ರೆಯಲ್ಲಿ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಹಾಸಿಗೆ ಹುಣ್ಣಾಗದಂತೆ ಕಾಪಾಡಿದರು. ಅವರ ನರಳಿಕೆಯನ್ನು ಮುಗಿಸಲು ಅವಕಾಶ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆಸ್ಪತ್ರೆಯ ಸಿಬ್ಬಂದಿ ಅದನ್ನು ವಿರೋಧಿಸಿದರು. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರು ಹೋಗಿ ನೋಡಿ, ಮಿದುಳು ಸತ್ತಿಲ್ಲ, ಸಸ್ಯಸ್ಥಿತಿಯ ಬಹುತೇಕ ಲಕ್ಷಣಗಳಿವೆ ಎಂದರು. 2011ರ ಮಾರ್ಚ್ 7ರಂದು ನ್ಯಾಯಾಲಯ ಆ ಮನವಿಯನ್ನು ಒಪ್ಪಲಿಲ್ಲ. ಆದರೆ ಅದೇ ತೀರ್ಪಿನಲ್ಲಿ, ಕಟ್ಟುನಿಟ್ಟಿನ ಕ್ರಮಗಳಿಗೆ ಒಳಪಟ್ಟು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಬಹುದೆಂದು ದೇಶದಲ್ಲಿ ಮೊದಲ ಬಾರಿಗೆ ಒಪ್ಪಿತು. ಇಂದು ಈ ದೇಶದ ಪ್ರತಿ ಕುಟುಂಬಕ್ಕೂ ದೊರೆತಿರುವ ಹಕ್ಕಿನ ಹಿಂದೆ ಆ ಹೆಣ್ಣುಮಗಳ ಮೌನವಿದೆ.

ಈ ಪ್ರಕರಣದಲ್ಲಿ ನನ್ನನ್ನು ಕಾಡುವ ಅಂಶ ಒಂದಿದೆ. ‘ನಮ್ಮ ಮಾತು ಅರುಣಾಳಿಗೆ ಗೊತ್ತಾಗುತ್ತದೆ’ ಎಂದು ದಾದಿಯರು ಹೇಳುತ್ತಿದ್ದರು. ‘ಅವು ಅರಿವಿಲ್ಲದ ಚಲನೆಗಳು’ ಎಂಬುದು ಇನ್ನೊಂದು ಪಕ್ಷ. ಹಾಸಿಗೆಯ ಬಳಿ ನಿಂತು ನೋಡುವ ಕಣ್ಣಿಗೆ ಇದನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದು ಈಚೆಗೆ ಇನ್ನಷ್ಟು ಸ್ಪಷ್ಟವಾಗಿದೆ. 2006ರಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಇದೇ ಸ್ಥಿತಿಯಲ್ಲಿದ್ದ ಯುವತಿಯೊಬ್ಬಳನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊ’ ಎಂದರು. ಆರೋಗ್ಯವಂತರಲ್ಲಿ ಬೆಳಗುವ ಭಾಗವೇ ಆಕೆಯಲ್ಲೂ ಬೆಳಗಿತು. 2019ರಲ್ಲಿ ನ್ಯೂಯಾರ್ಕಿನ ಯಾನ್ ಕ್ಲಾಸೆನ್ ತಂಡ ಈ ಕೆಲಸಕ್ಕೆ ಹಾಸಿಗೆಯ ಬಳಿಯ ಇ.ಇ.ಜಿ.ಯನ್ನೇ ಬಳಸಿತು. ‘ಬಲಗೈ ಮುಷ್ಟಿಯನ್ನು ಬಿಚ್ಚುತ್ತ ಮುಚ್ಚುತ್ತ ಇರಿ’, ‘ಈಗ ನಿಲ್ಲಿಸಿ’ ಎಂದು ಕಿವಿಯಲ್ಲಿ ಹೇಳುತ್ತ ಗೆರೆಗಳನ್ನು ಗಣಕಯಂತ್ರದಿಂದ ಅಳೆದರು. ಮಿದುಳಿಗೆ ನಾನಾ ಕಾರಣಗಳಿಂದ ಹಾನಿಯಾಗಿ, ಹೇಳಿದ್ದಕ್ಕೆ ಕೈ ಆಡಿಸಲಾಗದಿದ್ದ 104 ಮಂದಿಯಲ್ಲಿ 16 ಮಂದಿಯ ಮಿದುಳು ಆಜ್ಞೆಯನ್ನು ಅನುಸರಿಸುತ್ತಿತ್ತು. 2024ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಇಂಥ 241 ಮಂದಿಯ ಪೈಕಿ 60 ಮಂದಿಯಲ್ಲಿ, ಅಂದರೆ ನಾಲ್ವರಲ್ಲಿ ಒಬ್ಬರಲ್ಲಿ, ಇದೇ ಫಲ ಕಂಡಿತು.

ಬಂಧುಗಳೆ, ಇಲ್ಲಿಗೆ ಬಂದಾಗ ಈ ವಿಷಯ ಕನ್ನಡ ಸಂಘದ ವಿಷಯವೂ ಆಗುತ್ತದೆ. ಕಿವಿಯಲ್ಲಿ ಹೇಳುವ ಆ ಮಾತು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಹಡಪಸರದ ಸುತ್ತಿನ ಕಾರಖಾನೆ, ಕಟ್ಟಡ, ಗೋದಾಮುಗಳಲ್ಲಿ ದುಡಿಯಲು ಸೋಲಾಪುರದ ಹೆದ್ದಾರಿ ಹಿಡಿದು ಬಂದ ಕಲಬುರಗಿ, ವಿಜಯಪುರ, ಬೀದರಗಳ ಜನ ನಮ್ಮ ನಡುವೆ ಇದ್ದಾರೆ. ಅಂಥ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಊರಿನಿಂದ ಮಗನ ಮನೆಗೆ ಬಂದ ತಾಯಿ. ಎಪ್ಪತ್ತು ವರ್ಷ ಕನ್ನಡವಲ್ಲದೆ ಬೇರೆ ಮಾತು ಆಡಿದವಳಲ್ಲ. ನಸುಕಿನಲ್ಲಿ ಕುಸಿದುಬಿದ್ದಳು, ಹೃದಯ ಮರಳಿತು, ಎಚ್ಚರವಾಗಲಿಲ್ಲ. ನಿಗಾ ಘಟಕದಲ್ಲಿ ತರುಣ ವೈದ್ಯರು ಹಾಸಿಗೆಯ ಬಳಿ ಬಾಗಿ ಮರಾಠಿಯಲ್ಲಿ ‘ಆಜೀ, ಡೋಳೇ ಉಘಡಾ’ ಎನ್ನುತ್ತಾರೆ. ಅವರ ದನಿಯಲ್ಲಿ ಅಕ್ಕರೆಯಿದೆ, ಕರ್ತವ್ಯವನ್ನು ಸರಿಯಾಗಿಯೇ ಮಾಡುತ್ತಿದ್ದಾರೆ. ಆಕೆ ಕಣ್ಣು ತೆರೆಯಲಿಲ್ಲವೆಂದು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಆಕೆಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿಳಿಯಲಿಲ್ಲವೋ? ‘ಅವ್ವಾ, ಕಣ್ಣ ತಗಿ’ ಎಂದು ಮಗನೋ ಸೊಸೆಯೋ ಒಮ್ಮೆ ಕರೆದು ನೋಡುವ ಮುನ್ನ ಆ ಬರಹ ಪೂರ್ಣವಾಗುವುದಿಲ್ಲ.

ಮಗನ ದನಿ ಪವಾಡ ಮಾಡುತ್ತದೆಂದು ನಾನು ಹೇಳುತ್ತಿಲ್ಲ. ಪಾಪೆ ಕುಗ್ಗುವುದಕ್ಕಾಗಲಿ ಗೆರೆಯ ನಿರಂತರತೆಗಾಗಲಿ ಭಾಷೆಯ ಹಂಗಿಲ್ಲ. ಆದರೆ ಆಜ್ಞೆ ಪಾಲಿಸುವ ಪರೀಕ್ಷೆಗೆ ಭಾಷೆಯೇ ತಳಹದಿ. ‘ರೋಗಿಗೆ ಬರುವುದು ಕನ್ನಡ; ಪರೀಕ್ಷೆಯ ಹೊತ್ತಿಗೆ ನಮ್ಮಲ್ಲೊಬ್ಬರನ್ನು ಒಳಗೆ ಕರೆಯಿರಿ’ ಎಂದು ಮೊದಲ ದಿನವೇ ಹೇಳಿ ಕೇಸ್ ಪೇಪರಿನಲ್ಲಿ ಬರೆಯಿಸಬೇಕು. ಭಾಷೆಯ ಹಕ್ಕೆಂದರೆ ನಾಮಫಲಕ, ಶಾಲೆಗಳ ಮಾತೆಂದು ನಾವು ತಿಳಿದಿದ್ದೇವೆ. ನಿಗಾ ಘಟಕದ ಹಾಸಿಗೆಯೂ ಅದರ ವ್ಯಾಪ್ತಿಯಲ್ಲಿದೆ. ಬೆಂಗಳೂರಿನಲ್ಲಿ ಮಲಗಿರುವ ಮರಾಠಿ, ತೆಲುಗು, ಒಡಿಯಾ ಮಾತಿನ ಕೂಲಿಕಾರನಿಗೂ ಇದೇ ಹಕ್ಕು ಸಲ್ಲಬೇಕು. ನಮಗೆ ಇಲ್ಲಿ ಬೇಕೆನ್ನುವುದನ್ನು ಅವರಿಗೆ ಅಲ್ಲಿ ಕೊಡಬೇಕಾದದ್ದು ಧರ್ಮ.

ಇನ್ನು ಹಣದ ಮಾತು. ನಮ್ಮ ದೇಶದಲ್ಲಿ ಎಷ್ಟೋ ಕುಟುಂಬಗಳಿಗೆ ಯಂತ್ರ ತೆಗೆಯುವ ನಿರ್ಧಾರ ಬರುವುದು ಇ.ಇ.ಜಿ.ಯಿಂದಲ್ಲ, ದಿನದಿನದ ಬಿಲ್ಲಿನಿಂದ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿ ರೋಗಿಯನ್ನು ಆಂಬುಲೆನ್ಸಿನಲ್ಲಿ ಊರಿಗೆ ಒಯ್ಯುತ್ತಾರೆ. 72 ಗಂಟೆಗಳ ನಿಯಮ ಬಡವನ ಪಾಲಿಗೆ 72 ಗಂಟೆಗಳ ಸಾಲ. ಇಲ್ಲಿ ಸರಕಾರಗಳ ಹೊಣೆ ದೊಡ್ಡದು. ಹಗಲಿರುಳು ಗೆರೆ ಬರೆಯುವ ದುಬಾರಿ ವ್ಯವಸ್ಥೆ ಎಲ್ಲೆಡೆ ಸಾಧ್ಯವಾಗದಿರಬಹುದು. ಎಚ್ಚರ ತಪ್ಪಿದ ರೋಗಿಗಳ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂವತ್ತು ಗಂಟೆಗೂ ಮೀರಿ ಸತತವಾಗಿ ಬರೆದವರಿಗೂ, ಇಪ್ಪತ್ತು ನಿಮಿಷಗಳ ಇ.ಇ.ಜಿ.ಯನ್ನು ಎರಡು ಬಾರಿ ಬರೆದವರಿಗೂ ಆರು ತಿಂಗಳ ಸಾವಿನ ಪ್ರಮಾಣದಲ್ಲಿ ಅಂತರ ಕಾಣಲಿಲ್ಲ. ಸತತವಾಗಿ ಬರೆದಾಗ ಅಡಗಿದ ಸೆಳವುಗಳು ಹೆಚ್ಚು ಪತ್ತೆಯಾದುವೆಂಬುದೂ ನಿಜ. ಒಟ್ಟಿನಲ್ಲಿ ಒಂದು ಸಾಧಾರಣ ಯಂತ್ರ, ತಂತಿ ಜೋಡಿಸಬಲ್ಲ ತಂತ್ರಜ್ಞ, ದೂರದಿಂದಲಾದರೂ ಗೆರೆಗಳನ್ನು ಓದಿ ಹೇಳುವ ನರರೋಗ ತಜ್ಞ, ಇಷ್ಟು ಜಿಲ್ಲಾ ಆಸ್ಪತ್ರೆಗಳಿಗೆ ಎಟುಕದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ವಿದ್ಯೆ ಬೀದರಿನ ಹಾಸಿಗೆಯವರೆಗೆ ಹರಿಯಬೇಕೆಂದು ಕೇಳುವುದು ಪ್ರಜೆಗಳ ನ್ಯಾಯವಾದ ಬೇಡಿಕೆ.

ಕಾನೂನಿನ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಘನತೆಯಿಂದ ಸಾಯುವುದೂ ಜೀವಿಸುವ ಹಕ್ಕಿನ ಭಾಗವೆಂದು ಸಾರಿ, ಮುಂಗಡ ನಿರ್ದೇಶನ ಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರ ತಿದ್ದುಪಡಿಯ ಪ್ರಕಾರ ಪ್ರಾಪ್ತವಯಸ್ಕರು ಸ್ವಸ್ಥ ಮನಸ್ಸಿನಿಂದ, ಇಬ್ಬರು ಸಾಕ್ಷಿಗಳ ಮುಂದೆ ಇದನ್ನು ಬರೆಯಬಹುದು. ತಮ್ಮ ಪರವಾಗಿ ಮಾತನಾಡಬೇಕಾದವರ ಹೆಸರುಗಳನ್ನು ಸೂಚಿಸಬಹುದು. ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಒಪ್ಪಿಸಬಹುದು. ಸಮಯ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಲಿ, ಅಂದರೆ ಚಿಕಿತ್ಸೆ ನೀಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು, ತಮ್ಮ ಅಭಿಪ್ರಾಯವನ್ನು ಸಾಧ್ಯವಾದರೆ 48 ಗಂಟೆಗಳೊಳಗೆ ಹೇಳಬೇಕು. ಜಿಲ್ಲಾ ವೈದ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಲಿ ಅದನ್ನು ಪರಿಶೀಲಿಸಬೇಕು. ಪತ್ರ ಬರೆಯದೆ ಇದ್ದವರ ವಿಷಯದಲ್ಲೂ ಮನೆಯವರ ಒಪ್ಪಿಗೆಯೊಡನೆ ಇದೇ ಮಂಡಲಿಗಳ ಮೂಲಕ ನಿರ್ಧರಿಸುವ ದಾರಿಯಿದೆ. ಕರ್ನಾಟಕ ಸರಕಾರವು 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದೆ. ಮುಂಗಡ ಪತ್ರವನ್ನು ಒಮ್ಮೆ ಬರೆದ ಮೇಲೆ ಬದಲಿಸಲಾಗದೆಂಬ ಭಯ ಬೇಡ. ಬುದ್ಧಿ ಸ್ಥಿರವಾಗಿರುವವರೆಗೆ ಬರೆದವರು ಅದನ್ನು ಹಿಂತೆಗೆದುಕೊಳ್ಳಬಹುದು.

ಮನೆಯೊಳಗೆ ಮಾತಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆರಿ ಶಿಯಾವೋ ಪ್ರಕರಣವನ್ನು ನೆನೆಯಬಹುದು. 1990ರ ಫೆಬ್ರುವರಿಯಲ್ಲಿ, 26ನೆಯ ವಯಸ್ಸಿನಲ್ಲಿ, ಆಕೆಯ ಹೃದಯ ನಿಂತು ಮರಳಿತು; ಎಚ್ಚರ ಮರಳಲಿಲ್ಲ. ಆಹಾರದ ನಳಿಕೆಯನ್ನು ತೆಗೆಯಬೇಕೆಂದು ಗಂಡ, ಕೂಡದೆಂದು ಹೆತ್ತವರು. ಆಕೆ ಏನನ್ನೂ ಬರೆದಿಟ್ಟಿರಲಿಲ್ಲ. ವರ್ಷಗಟ್ಟಲೆ ಕೋರ್ಟು, ಶಾಸನಸಭೆ, ಕಡೆಗೆ ರಾಷ್ಟ್ರದ ಸಂಸತ್ತಿನವರೆಗೂ ಜಗಳ ಹೋಯಿತು. 2005ರ ಮಾರ್ಚ್ 31ರಂದು ಆಕೆ ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಮಿದುಳಿನ ತೂಕ 615 ಗ್ರಾಂ, ಇರಬೇಕಾದುದರ ಅರ್ಧದಷ್ಟು ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಎರಡು ಮನೆಗಳು ಒಡೆದು ಹೋಗಿದ್ದುವು.

ಕೂಡುಕುಟುಂಬದವರಾದ ನಮಗೆ ಇಂಥದು ಬರಲಾರದೆಂದು ಎಣಿಸಬೇಡಿ. ಹೊರನಾಡಿನಲ್ಲಿ ಮಗ, ಊರಿನಲ್ಲಿ ಅಣ್ಣ, ಇನ್ನೊಂದು ಊರಿನಲ್ಲಿ ಮಗಳು. ಹಾಸಿಗೆಯ ಬಳಿ ನಿಂತವನಿಗೆ ಕಾಣುವುದು ಒಂದು, ಫೋನಿನಲ್ಲಿ ಕೇಳುವವರಿಗೆ ತೋರುವುದು ಇನ್ನೊಂದು. ‘ನೀನು ಬೇಗ ಕೈಬಿಟ್ಟೆ’, ‘ನೀನು ಸುಮ್ಮನೆ ನರಳಿಸಿದೆ’ ಎಂಬ ಮಾತುಗಳು ತಿಥಿ ಕಳೆದರೂ ತೀರುವುದಿಲ್ಲ. ಸಾವಿನ ಮಾತನ್ನು ಮನೆಯಲ್ಲಿ ಎತ್ತುವುದು ಅಪಶಕುನವೆಂಬ ಭಾವನೆ ನಮ್ಮಲ್ಲಿದೆ. ಆದರೆ ಮಡಿದ ಮೇಲೆ ಏನೇನು ಆಗಬೇಕೆಂದು ನಮ್ಮ ಹಿರಿಯರು ಮೊದಲೇ ಹೇಳಿಡುತ್ತಿದ್ದರಲ್ಲವೆ? ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಸಂಘದ ಮೂಲಕ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿ ಹಂಚಬೇಕೆಂಬುದು ನನ್ನ ಸೂಚನೆ. ಹೃದಯ ಮರಳಿ ಎಷ್ಟು ಗಂಟೆಗಳಾದುವು? ನಿದ್ದೆಯ ಮದ್ದು ನಿಲ್ಲಿಸಿ ಎಷ್ಟು ಹೊತ್ತಾಯಿತು? ಇ.ಇ.ಜಿ.ಯನ್ನು ಯಾವಾಗ, ಎಷ್ಟು ಬಾರಿ ಬರೆದಿರಿ, ಕರೆದಾಗ ಮುಟ್ಟಿದಾಗ ಗೆರೆ ಬದಲಾಯಿತೆ? ಅದಲ್ಲದೆ ಬೇರೆ ಯಾವ ಸಾಕ್ಷ್ಯಗಳಿವೆ, ಅವೆಲ್ಲ ಒಂದೇ ಮಾತು ಹೇಳುತ್ತಿವೆಯೆ? ಇದು ಕೋಮಾವೋ, ಪ್ರತಿಕ್ರಿಯೆಯಿಲ್ಲದ ಎಚ್ಚರವೋ, ಮಿದುಳು ಸಾವೋ? ರೋಗಿಯ ಭಾಷೆಯಲ್ಲಿ ಮಾತನಾಡಿಸಿ ನೋಡಿದಿರಾ? ಈ ಪ್ರಶ್ನೆಗಳು ವೈದ್ಯರ ಮೇಲಿನ ಅವಿಶ್ವಾಸವಲ್ಲ. ಒಳ್ಳೆಯ ವೈದ್ಯರಿಗೆ ತಿಳಿದು ಕೇಳುವ ಮನೆಯವರು ನೆರವೇ ಆಗುತ್ತಾರೆ.

ಇಂಥ ಹೊತ್ತಿನಲ್ಲಿ ಮರಾಠಿ, ಇಂಗ್ಲಿಷುಗಳೆರಡನ್ನೂ ಬಲ್ಲ ಕನ್ನಡಿಗನೊಬ್ಬ ಆಸ್ಪತ್ರೆಯ ಬಾಗಿಲಲ್ಲಿ ಆ ಮನೆಯವರ ಜೊತೆ ನಿಲ್ಲುವಂತಾದರೆ, ಅದು ಒಂದು ರಾಜ್ಯೋತ್ಸವದ ಮೆರವಣಿಗೆಗಿಂತ ಸಣ್ಣ ಕೆಲಸವೇನೂ ಅಲ್ಲ. ಹತ್ತು ಮಂದಿ ಕಾರ್ಯಕರ್ತರು ಸರದಿಯ ಮೇಲೆ ಈ ಹೊಣೆ ಹೊರಲು ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಿ. ಮುಂಗಡ ಪತ್ರ ತಂದವರಿಗೆ ಅದರ ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ನಾನು ಸಹಿ ಹಾಕುತ್ತೇನೆ.